ಬೇವಿನೆಲೆ ಹಾಸಿದ ಪೊಟರೆ

ಏನಾದರೂ ಹೊಸದು ಕಣ್ಣಿಗೆ ಬಿದ್ದರೆ ಹೊನ್ನಾಜಿ ಬಾಯಿ ಬಿಡುತ್ತಿರಲಿಲ್ಲ. ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಳ್ಳುತ್ತಿದ್ದಳು. ಇದು ಕಲ್ಲಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಏಳುಬಂಡೆಯೆಂಬ ರಾಜ್ಯದಲ್ಲಿ ನಡೆದದ್ದು.

ಆ ರಾಜ್ಯದ ಗಿಳಿವನಕ್ಕೆ ಕರಾಳಕನೆಂಬ ಮಾಂತ್ರಿಕ ಒಡೆಯ. ಸೌದೆಗೆಂದು ಹೋಗಿದ್ದ ಹೊನ್ನಾಜಿಯ ತಂಗಿ ಸುವ್ವಿಯನ್ನು ಅವನು ಬೆತ್ತದಿಂದ ಮುಟ್ಟಿ ಗಿಳಿ ಮಾಡಿಬಿಟ್ಟ. ವರ್ಷವಿಡೀ ಹುಡುಕಿ ಹುಡುಕಿ, ಕೊನೆಗೆ ಹೊನ್ನಾಜಿ ಅವನೆದುರು ಹೋಗಿ ನಿಂತಳು.

"ನೂರು ಪೊಟರೆ, ನೂರು ಹೆಣ್ಣುಗಿಳಿ. ತೊಂಬತ್ತೊಂಬತ್ತು ಹುಟ್ಟುಗಿಳಿಗಳು, ಒಂದು ನಿನ್ನ ತಂಗಿ. ಮೂರು ದಿನದಲ್ಲಿ ನಿನ್ನ ತಂಗಿಯನ್ನು ಗುರುತಿಸಿದರೆ ನನ್ನ ಆಟ ಮುಗಿಯಿತು. ತಪ್ಪಿದರೆ ನೂರಾ ಒಂದನೆಯದು ನೀನೇ" ಅಂದ.

ಮೊದಲ ದಿನ ಹೆಸರು ಹಿಡಿದು ಕರೆದಳು. ನೂರು ಗಿಳಿಗಳೂ "ಸುವ್ವಿ, ಸುವ್ವಿ" ಅಂದವು. ಎರಡನೆಯ ದಿನ ತಂಗಿಗೆ ಇಷ್ಟವಾದ ಎಳ್ಳುಂಡೆ ಇಟ್ಟಳು. ನೂರೂ ಬಂದು ಪುಡಿಯನ್ನೂ ಬಿಡದೆ ತಿಂದವು.

"ಏನಮ್ಮಾ, ತಂಗಿಯನ್ನ ಹುಡುಕೋಕೆ ಬಂದೆಯೋ, ಗಿಳಿಗಳಿಗೆ ಬೀಗರೂಟ ಹಾಕೋಕೋ?" ಎಂದು ಮಾಂತ್ರಿಕ ಹಂಗಿಸಿದ.

ಮೂರನೆಯ ದಿನ ಅವಳು ಏನನ್ನೂ ಮಾಡದೆ ನೋಡುತ್ತ ಕೂತಳು. ಗಂಡುಗಿಳಿ ಪೊಟರೆಯ ಬಾಯಿಗೆ ಬಂದು ಹೆಣ್ಣಿಗೆ ಗುಟುಕು ಕೊಡುತ್ತದೆ, ಒಂದು ಗಂಟು. ಹೆಣ್ಣು ಒಳಹೋಗುವ ಮುನ್ನ ಕತ್ತು ಹೊರಳಿಸಿ ಸುತ್ತಲೂ ನೋಡುತ್ತದೆ; ಇನ್ನೊಂದು. ಕೈಗೆಟುಕಿದ ಪೊಟರೆಗಳಲ್ಲಿ ಇಣುಕಿದಳು. ಹುಲ್ಲಿಲ್ಲ, ನಾರಿಲ್ಲ, ಮೊಟ್ಟೆಗಳು ಬರೀ ಮರದ ಪುಡಿಯ ಮೇಲಿವೆ. ಇದೆಂಥ ಬಾಣಂತನವಪ್ಪಾ ಎಂದುಕೊಂಡು ಮೂರನೆಯ ಗಂಟು ಬಿಗಿದಳು.

ಹೊತ್ತು ಇಳಿಯುವಾಗ ಒಂದೇ ಒಂದು ಗಿಳಿ ಕೊಕ್ಕಿನಲ್ಲಿ ಬೇವಿನೆಲೆ ಕಚ್ಚಿಕೊಂಡು ಒಳಹೊಕ್ಕಿತು. ಹೊನ್ನಾಜಿಯ ಮನೆಯಲ್ಲಿ ತೊಟ್ಟಿಲಿಗೆ ಬೇವಿನೆಲೆ ಹಾಸದೆ ಕೂಸನ್ನು ಮಲಗಿಸುತ್ತಿರಲಿಲ್ಲ.

"ಇವಳೇ ನನ್ನ ತಂಗಿ" ಅಂದಳು, ಹುಟ್ಟಿದಾಗಿನಿಂದ ಅಷ್ಟು ಗಟ್ಟಿಯಾಗಿ ಮಾತಾಡಿರದವಳು.

ಕರಾಳಕ ಹೊಟ್ಟಾಗಿ ಗಾಳಿಗೆ ಹಾರಿಹೋದ. ಸುವ್ವಿ ಹುಡುಗಿಯಾಗಿ ಮರದಿಂದಿಳಿದಳು. ಸುದ್ದಿ ಮುಟ್ಟಿದ್ದೇ ತಡ, ಊರಲ್ಲಿ ಹೋಳಿಗೆಗೆ ಒಲೆ ಹೊತ್ತಿತು; ವನದ ಅಂಚಿನಲ್ಲಿ ಮಾಂತ್ರಿಕನ ಬೆತ್ತ ಸುಡಲು ಬೆಂಕಿ ಹಾಕಿದರು. ಬೆತ್ತದ ತುದಿಯಲ್ಲಿ ಮಾಯೆ ಇನ್ನೂ ಮಿಣುಕುತ್ತಿತ್ತು.

ಸುವ್ವಿ ಮಾತ್ರ ಮರದ ಬುಡ ಬಿಟ್ಟು ಕದಲಲಿಲ್ಲ. ಮೇಲೆ ಗಂಡುಗಿಳಿಯೊಂದು ಗುಟುಕು ತಂದು, ಹೆಣ್ಣಿಲ್ಲದ ಪೊಟರೆಯ ಬಾಯಲ್ಲಿ ಕರೆಯುತ್ತಿತ್ತು.

"ಅಕ್ಕಾ, ಒಳಗೆ ಮೂರು ಮೊಟ್ಟೆ ಇವೆ. ತಣ್ಣಗಾಗಿಬಿಡ್ತವೆ. ಸುಡೋ ಮುಂಚೆ ಆ ಬೆತ್ತದಿಂದ ನನ್ನನ್ನ ಒಂದು ಸಲ ಮುಟ್ಟೇ. ಮರಿ ಹಾರೋವರೆಗೆ ಅಷ್ಟೇ, ಆಮೇಲೆ ಮತ್ತೆ ನೀನೇ ಗುರುತಿಸು."

ಹೊನ್ನಾಜಿ ಬೆಂಕಿಯ ಬಳಿಯಿಂದ ಬೆತ್ತ ತಂದು ಹಿಡಿದು ನಿಂತಳು. ಇನ್ನೊಂದು ಕೈ ಸೆರಗಿನ ತುದಿಯನ್ನು ಹುಡುಕುತ್ತಿತ್ತು.