ಬೋಗುಣಿಯ ನೀರು

"ಗುಬ್ಬಿ ಎಲ್ಲಿ? ಇನ್ನೂ ಬಂದಿಲ್ವಾ?" ಸಿಸ್ಟರ್ ಖಾಲಿ ಕುರ್ಚಿ ನೋಡಿ ಕೇಳಿದರು.

"ನಂಗೇನು ಗೊತ್ತು ಸಿಸ್ಟರ್?" ಎಂದಳು ಪಕ್ಕದ ಕುರ್ಚಿಯ ಚಿನ್ನಿ.

ಅವಳಿಗೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು.

ಯೇಸುಸ್ವಾಮಿ ಬಗ್ಗಿ ಕೂತು ಶಿಷ್ಯರ ಕಾಲು ತೊಳೆದರಲ್ಲ, ಅದರ ನೆನಪಿಗೆ ವರ್ಷಕ್ಕೊಮ್ಮೆ ಚರ್ಚಿನಲ್ಲಿ ಫಾದರ್ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಈ ಸಲ ಮಕ್ಕಳ ಸರದಿ. ಆ ಹನ್ನೆರಡರಲ್ಲಿ ತನ್ನ ಹೆಸರು ಬಂದಾಗಿನಿಂದ ಚಿನ್ನಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹಟ ಹಿಡಿದು ಹೊಸ ಶೂ, ಹೊಸ ಕಪ್ಪು ಸಾಕ್ಸ್ ತರಿಸಿಕೊಂಡಿದ್ದಳು.

"ಒಂದ್ಸಲ ಒಗೆದು ಹಾಕ್ಕೊಳ್ಳೇ, ಬಣ್ಣ ಬಿಡುತ್ತೆ" ಎಂದಿದ್ದಳು ಅಮ್ಮ.

"ಒಗೆದ್ರೆ ಹೊಸದು ಅಂತ ಯಾರಿಗೆ ಗೊತ್ತಾಗುತ್ತಮ್ಮಾ?"

"ಆಯ್ತು ಕಣೇ, ಜಂಬದ ಕೋಳಿ!" ಎಂದು ಅಜ್ಜಿ ನಕ್ಕಿದ್ದಳು.

ಜಂಬ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಹಿಂದಿನ ದಿನ ರಿಹರ್ಸಲ್‌ನಲ್ಲಿ ಗುಬ್ಬಿ ಚಪ್ಪಲಿ ಬಿಚ್ಚಿದಳು. ಅವಳ ಮನೆ ಇರುವುದು ಅಪ್ಪನ ಗ್ಯಾರೇಜಿನ ಹಿಂದೆಯೇ. ಹಿಮ್ಮಡಿಯ ಬಿರುಕುಗಳಲ್ಲಿ ಆಯಿಲ್‌ನ ಕಪ್ಪು ಕೂತುಬಿಟ್ಟಿತ್ತು.

"ಛೀ! ನಿನ್ನ ಕಾಲು ತೊಳೆದ್ರೆ ಬೋಗುಣಿ ನೀರೆಲ್ಲಾ ಕಪ್ಪಾಗುತ್ತೆ ಕಣೇ. ಪಾಪ ಫಾದರ್!" ಎಂದಿದ್ದಳು ಚಿನ್ನಿ, ಎಲ್ಲರಿಗೂ ಕೇಳುವಂತೆ. ಎಲ್ಲರೂ ನಕ್ಕಿದ್ದರು. ಗುಬ್ಬಿ ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡಿದ್ದಳು.

ಈಗ ಹಾಡು ಶುರುವಾಯಿತು. ಇದು ಮುಗಿದರೆ ಫಾದರ್ ಬಂದುಬಿಡುತ್ತಾರೆ. ಗುಬ್ಬಿ ಬರದೇ ಹೋದರೆ? ಅವಳು ಇನ್ನು ಯಾವತ್ತೂ ಚರ್ಚಿಗೇ ಬರದಿದ್ದರೆ? ಚಿನ್ನಿ ಎದ್ದು ನಿಂತಳು.

"ಸಿಸ್ಟರ್, ಒಂದ್ನಿಮಿಷ..." ಎಂದವಳೇ ಪಕ್ಕದ ಬಾಗಿಲಿನಿಂದ ಹೊರಗೋಡಿದಳು.

ಗುಬ್ಬಿ ಚರ್ಚಿನ ಹಿಂದಿನ ನಲ್ಲಿಯ ಹತ್ತಿರ ಕೂತಿದ್ದಳು. ಕೈಯಲ್ಲಿ ಬಟ್ಟೆ ಉಜ್ಜುವ ಬ್ರಶ್. ಉಜ್ಜಿ ಉಜ್ಜಿ ಹಿಮ್ಮಡಿ ಕೆಂಪಗಾಗಿತ್ತು, ಅತ್ತು ಅತ್ತು ಕಣ್ಣೂ ಕೆಂಪಗಾಗಿತ್ತು.

"ಕಪ್ಪು ಹೋಗ್ತಾನೇ ಇಲ್ಲ ಕಣೇ" ಎಂದಳು ಗುಬ್ಬಿ. "ನನ್ನ ಕುರ್ಚಿ ತೆಗೆಸಿಬಿಡು."

ಚಿನ್ನಿ ಕೆಸರಿನಲ್ಲೇ ಮಂಡಿಯೂರಿದಳು. ಬ್ರಶ್ ಕಿತ್ತು ಪಕ್ಕಕ್ಕಿಟ್ಟು, ಗುಬ್ಬಿಯ ಕಾಲಿಗೆ ನೀರು ಹಾಕಿ, ತನ್ನ ಫ್ರಾಕಿನ ಅಂಚಿನಿಂದ ಒರೆಸಿದಳು. ನಲ್ಲಿಯ ನೀರು ಹೊಸ ಶೂಗಳ ಒಳಗೆಲ್ಲಾ ತುಂಬಿತು.

"ಸಾಕು, ಇಷ್ಟೇ ಇರ್ಲಿ. ನಾನು ಹಾಗಂದಿದ್ದು ತಪ್ಪು. ಬಾರೇ ಗುಬ್ಬಿ, ಪ್ಲೀಸ್!"

ಇಬ್ಬರೂ ಏದುಸಿರು ಬಿಡುತ್ತಾ ಬಂದು ಕೂರುವಷ್ಟರಲ್ಲಿ ಫಾದರ್ ಸಾಲಿನ ಮಧ್ಯಕ್ಕೆ ಬಂದಾಗಿತ್ತು. ನೋಡನೋಡುತ್ತಲೇ ಚಿನ್ನಿಯ ಸರದಿ.

ಅವಳು ಶೂ ಬಿಚ್ಚಿ ಒದ್ದೆ ಸಾಕ್ಸ್ ಎಳೆದಳು. ಬೆರಳಿನಿಂದ ಹಿಮ್ಮಡಿಯವರೆಗೆ ಎರಡೂ ಪಾದ ಕಪ್ಪೋ ಕಪ್ಪು! ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು.

ವಯಸ್ಸಾದ ಫಾದರ್ ನಗಲಿಲ್ಲ. ಲಟಕ್ಕೆಂದ ಮಂಡಿಯನ್ನು ಹಿಡಿದುಕೊಂಡು ಅವಳ ಮುಂದೆ ಕೂತರು.

"ಕೊಡು ಮಗಳೇ. ನೀರು ಬೆಚ್ಚಗಿದೆ."

ಹಿಮ್ಮಡಿ ಹಿಡಿದು ನಿಧಾನವಾಗಿ ನೀರು ಸುರಿದರು. ಬೋಗುಣಿಯ ನೀರು ಕಪ್ಪಾಯಿತು. ಬಿಳಿ ಟವೆಲಿಗೂ ಕಪ್ಪು ಹತ್ತಿತು. ಅವರು ಬೆರಳ ಸಂದಿಯನ್ನೂ ಬಿಡದೆ ಒರೆಸಿದರು.

ಆಮೇಲೆ ಗುಬ್ಬಿಯ ಕಡೆ ತಿರುಗಿದರು.

"ಫಾದರ್, ಆ ನೀರು ಚೆಲ್ಲಿಬಿಡಿ" ಚಿನ್ನಿ ಪಿಸುಗುಟ್ಟಿದಳು. "ಅವಳ ಕಾಲು ಕ್ಲೀನಾಗಿದೆ."

"ಬೇಡ ಫಾದರ್, ಇದೇ ಇರ್ಲಿ" ಎಂದಳು ಗುಬ್ಬಿ. ಕಪ್ಪು ನೀರಿನ ಬೋಗುಣಿಯತ್ತ ಕಾಲು ಚಾಚಿದಳು.

ಚಿನ್ನಿಯ ಶೂ ಪಕ್ಕದಲ್ಲೇ ಇತ್ತು. ಅವಳು ಹಾಕಿಕೊಳ್ಳಲಿಲ್ಲ. ತನ್ನ ಕಾಲುಗಳನ್ನು ಗುಬ್ಬಿಯ ಕಾಲಿನ ಪಕ್ಕದಲ್ಲೇ, ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡು ಕೂತಳು.