ಎಫಿ ಸೊಪ್ಪು ಮುಚ್ಚಿದ ಜಾಗ

ಟಣ್! ಪೌಲೆಟ್ ಮೇಡಂ ಚುಚ್ಚಿದ ಸಲಾಕೆ ಮೊಣಕಾಲುದ್ದ ಇಳಿದು ನಿಂತಿತು. ಆ ಸದ್ದು ಉತ್ತರ ಧ್ರುವದವರೆಗೂ ಕೇಳಿಸಿರಬೇಕು.

"ನೋಡಿದ್ರಾ ಮೇಡಂ? ಹತ್ತು ಕರಡಿ ಕುಣಿದ್ರೂ ನಮ್ಮಜ್ಜಿ ಮನೆ ಅಲ್ಲಾಡಲ್ಲ!" ಎಂದಳು ಎಫಿ.

ಆ ಊರು ನಿಂತದ್ದೇ ಹೆಪ್ಪುಗಟ್ಟಿದ ನೆಲದ ಮೇಲೆ. ಈಗ ಅದು ಒಳಗೊಳಗೇ ಕರಗುತ್ತಿತ್ತು. ಮಲಗುವಾಗ ನೆಟ್ಟಗಿದ್ದ ಮನೆ ಏಳುವಷ್ಟರಲ್ಲಿ ಪಕ್ಕದ ಮನೆಯ ಹೆಗಲಿಗೆ ಒರಗಿರುತ್ತಿತ್ತು! ಎಲ್ಲೆಲ್ಲಿ ಕುಸಿಯಬಹುದೆಂದು ನಕ್ಷೆ ಮಾಡಲು ಮೇಡಂ ಬಂದಿದ್ದರು. ಬಾವುಟ ನೆಡುವ ಕೆಲಸ ಐದನೇ ಕ್ಲಾಸಿನವರದು. ಸಲಾಕೆ ಗಟ್ಟಿ ನೆಲಕ್ಕೆ ತಾಗಿದರೆ ಹಸಿರು. ಇಳಿಯುತ್ತಲೇ ಹೋದರೆ ಕೆಂಪು. ಕೆಂಪು ಬಿದ್ದ ಮನೆಯವರು ಮನೆ ಬಿಡಬೇಕು.

ಎಫಿಯದೇ ಕ್ಲಾಸಿನ ವಿಲ್ಬರ್ ಮನೆಯಲ್ಲಿ ಸಲಾಕೆ ಪಾತಾಳಕ್ಕೇ ಇಳಿದಿತ್ತು. "ಇನ್ಮೇಲೆ ನಿಮ್ಮನೆ ಬೋಟು ಕಣೋ!" ಎಂದು ಎಫಿ ನಕ್ಕಿದ್ದಳು. ಅವನು ಮೂಗು ಒರೆಸಿಕೊಂಡಿದ್ದ, ಅಷ್ಟೆ.

ಮೇಡಂ ಹಸಿರು ಬಾವುಟ ಕೊಟ್ಟರು. "ಒಳ್ಳೇದಾಯ್ತು. ಹೊಸ ಮನೆ ಆಗೋವರೆಗೂ ವಿಲ್ಬರ್ ಮನೆಯವ್ರು ಇಲ್ಲೇ ಇರ್ಬಹುದು."

"ಬರ್ಲಿ ಬಿಡಿ," ಅಜ್ಜಿ ಬಾಗಿಲಲ್ಲೇ ಹೇಳಿದರು. "ಲೋ ವಿಲ್ಬರ್, ನಿನ್ ತಂಗೀನ ಒಲೆ ಪಕ್ಕ ಮಲಗಿಸ್ತೀನಿ. ನಿನ್ನನ್ನ ಮಾತ್ರ ನಾಯಿ ಜೊತೆ!"

ವಿಲ್ಬರ್ ನಕ್ಕ. ಅವನ ಬೆನ್ನಿಗೆ ಮಣಿ ಪೋಣಿಸಿದ ಅಗಲ ಪಟ್ಟಿಯಲ್ಲಿ ಕಟ್ಟಿದ್ದ ಕೂಸು ತಂಗಿ ತೂಕಡಿಸುತ್ತಿದ್ದಳು.

ಎಫಿ ಬಾಗಿಲಿಂದ ಒಲೆಯತ್ತ ಇಣುಕಿದಳು. ಒಲೆಯ ಹಿಂದಿನ ಗೋಡೆಯಾಚೆ, ಹಿತ್ತಲಲ್ಲಿ, ಸ್ಪ್ರೂಸ್ ಮರದ ಸೊಪ್ಪಿನ ರಾಶಿಯಿತ್ತು. ಮೀನು ಕೊಯ್ಯುವಾಗ ನೆಲಕ್ಕೆ ಹಾಸುವ ಸೊಪ್ಪು. ಈ ಬೆಳಗ್ಗೆಯೂ ಅವಳೇ ಬೆಟ್ಟದಷ್ಟು ಹೊತ್ತು ತಂದು ಸುರಿದಿದ್ದಳು. ಅದರಡಿಯ ಬಿರುಕು ಎಷ್ಟು ದೊಡ್ಡದೆಂದರೆ, ಮೇಡಂ ಬಂದ ವಿಮಾನವೇ ಅದರೊಳಗೆ ಬೀಳಬಹುದಿತ್ತು. ಒಂದು ಕೂಸು ಬೀಳುವುದೇನು ಮಹಾ!

"ಮೇಡಂ... ಹಿತ್ತಲಲ್ಲೂ ಒಂದ್ಸಲ ಚುಚ್ಚಿ ನೋಡಿ."

ಎಫಿಯೇ ಹೋಗಿ ಸೊಪ್ಪು ಸರಿಸಿದಳು. ಸಲಾಕೆ ಇಳಿಯಿತು, ಇಳಿಯಿತು, ಹಿಡಿಯವರೆಗೂ ಇಳಿಯಿತು. ಸದ್ದೇ ಬರಲಿಲ್ಲ.

"ಯಾವಾಗಿಂದ ಇದು?" ಅಜ್ಜಿ ಕೇಳಿದರು.

"ಬೇಸಿಗೆಯಿಂದ ಅಜ್ಜಿ. ನೀನು ಈ ಮನೆ ಬಿಟ್ಟು ಎಲ್ಲಿಗೂ ಹೋಗಲ್ಲ ಅಂತಿದ್ದೆ, ಅದಕ್ಕೇ ಮುಚ್ಚಿಟ್ಟೆ..."

ಅಜ್ಜಿ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಎಫಿ ಹಸಿರನ್ನು ಮೇಡಂಗೆ ಹಿಂದಿರುಗಿಸಿ ಕೆಂಪು ಬಾವುಟ ತೆಗೆದುಕೊಂಡಳು. ಅದನ್ನು ಬಿರುಕಿನ ಪಕ್ಕ ನೆಟ್ಟಳು. ವಿಲ್ಬರ್ ಮಂಡಿಯೂರಿ ಬುಡಕ್ಕೆ ಮಣ್ಣು ಒತ್ತಿದ.

ಅರವತ್ತು ವರ್ಷ ಕಣ್ಣುಮುಚ್ಚಿ ಓಡಾಡಿದ ಹಿತ್ತಲಲ್ಲಿ ಅಜ್ಜಿ ಒಂದು ಕಾಲೆತ್ತಿ ನಿಂತುಬಿಟ್ಟರು.

"ಪುಟ್ಟಿ, ಎಲ್ಲಿ ಕಾಲಿಡ್ಲಿ?"

ಎಫಿ ಕಣ್ಣೊರೆಸಿಕೊಂಡು ಮುಂದೆ ಬಂದಳು. ನೆಲವನ್ನು ಮೊದಲು ತಾನು ತುಳಿದು ನೋಡಿ, ಅಜ್ಜಿಗೆ ಕೈ ಚಾಚಿದಳು.