ಎಫ್ ಸಾಲಿನ ಏಳನೇ ಸೀಟು

ಆನ್ಸೆಲ್ ಹಾಗೆನ್ ಆ ಸೋಮವಾರ ಬೆಳಿಗ್ಗೆ ನಮ್ಮ ಆಫೀಸಿಗೆ ಬಂದದ್ದು ಜಗಳವಾಡುವುದಕ್ಕೆ.

ಅಮೆರಿಕದ ಡಲೂತ್ ಊರಿನ ಈ ನಾಟಕಮಂದಿರದಲ್ಲಿ ಪ್ರೇಕ್ಷಕರ, ದಾನಿಗಳ ದಾಖಲೆ ನೋಡಿಕೊಳ್ಳುವವಳು ನಾನು. ಮದುವೆಯಾದವರನ್ನು ಕಂಪ್ಯೂಟರಿನಲ್ಲಿ ಒಂದೇ ಮನೆಯಾಗಿ ಸೇರಿಸುತ್ತೇನೆ, ಬೇರೆಯಾದರೆ ಎರಡು ಮನೆ ಮಾಡುತ್ತೇನೆ. ಹನ್ನೊಂದು ವರ್ಷದಿಂದ ಇದೇ ಕೆಲಸ. ನನ್ನಿಂದ ತಪ್ಪಾಗುವುದಿಲ್ಲ ಎಂಬ ಜಂಬ ಬೇರೆ.

ಆನ್ಸೆಲ್‌ಗೂ ಅವನ ಹೆಂಡತಿ ಕೋರಿನ್‌ಗೂ ವಿಚ್ಛೇದನವಾದಾಗ, ಅವರು ಇಪ್ಪತ್ತು ವರ್ಷ ಕೂತಿದ್ದ ಎಫ್ ಸಾಲಿನ ಏಳು, ಎಂಟನೇ ಸೀಟುಗಳನ್ನು ಇಬ್ಬರೂ ಬಿಡಲೊಲ್ಲರು. ನಾನು ನ್ಯಾಯವಾಗಿ ಒಬ್ಬೊಬ್ಬರಿಗೆ ಒಂದೊಂದು ಬರೆದು ಕೈತೊಳೆದುಕೊಂಡಿದ್ದೆ.

“ಅಲ್ರೀ, ಕೋರ್ಟು ನಮ್ಮನ್ನ ಬೇರೆ ಮಾಡ್ತು. ನೀವು ಮತ್ತೆ ಪಕ್ಕಪಕ್ಕ ಕೂರಿಸಿಬಿಟ್ರಲ್ಲ,” ಎಂದ.

ನನ್ನ ಮುಖ ಕೆಂಪಾಯಿತು. ತಲೆಯೆತ್ತಿ ನೋಡಿದರೆ, ಗಂಟು ಮುಖದ ಆಸಾಮಿಯ ತುಟಿಯಂಚು ಅದುರುತ್ತಿತ್ತು. ನಗು ತಡೆದುಕೊಂಡಿದ್ದ. ನಾನೇ ಮೊದಲು ನಕ್ಕೆ.

ಅವನನ್ನು ಎಮ್ ಸಾಲಿಗೆ ಬದಲಾಯಿಸಿದೆ. ಖಾಲಿ ಸೀಟು ಇನ್ನೂ ಒಂಬತ್ತಿದ್ದವು, ಸುಳ್ಳೇಕೆ ಹೇಳಲಿ. ನಾನು ಕೊಟ್ಟದ್ದು ಭಾನುವಾರದ ಮಧ್ಯಾಹ್ನದ ಆಟಕ್ಕೆ ನಾನು ಕೂರುವ ಜಾಗದ ಪಕ್ಕದ್ದನ್ನು.

ಆನ್ಸೆಲ್ ಪಿಯಾನೋಗಳ ಶ್ರುತಿ ಸರಿಮಾಡುವವನು. ಮಾತು ಕಡಿಮೆ. ನಾಟಕದಲ್ಲಿ ನಗೆಯ ಮಾತು ಬಂದಾಗ ವೇದಿಕೆ ನೋಡುವುದು ಬಿಟ್ಟು, ನಾನು ನಕ್ಕೆನೋ ಇಲ್ಲವೋ ಎಂದು ಓರೆಗಣ್ಣಲ್ಲಿ ನೋಡುತ್ತಿದ್ದ. ನಾನು ಬೇಕೆಂದೇ ತಡಮಾಡಿ ನಗುತ್ತಿದ್ದೆ. ಬೂಟಿನ ಹಿಮ ಕರಗಿ ಕಾಲಡಿ ಒದ್ದೆಯಾಗುತ್ತಿತ್ತು. ಫೆಬ್ರವರಿಯ ಹೊತ್ತಿಗೆ ‘ನೀವು’ ಹೋಗಿ ‘ನೀನು’ ಬಂದಿತ್ತು.

ಏಪ್ರಿಲ್‌ನಲ್ಲಿ ಮುಂದಿನ ವರ್ಷದ ಸೀಟಿನ ಫಾರಂ ತಂದು ಮೇಜಿನ ಮೇಲಿಟ್ಟ. ‘ಅದೇ ಮನೆಯ ಇನ್ನೊಬ್ಬರು’ ಎಂಬಲ್ಲಿ ನನ್ನ ಹೆಸರು ಬರೆದಿದ್ದ. ಥಿಯಾ ಲಿಂಡ್‌ಕ್ವಿಸ್ಟ್.

“ಮೊದಲು ಮದುವೆ, ಆಮೇಲೆ ಫಾರಂ,” ಎಂದ. “ಬಾಯಿಬಿಟ್ಟು ಕೇಳೋಕೆ ಧೈರ್ಯ ಬರಲಿಲ್ಲ.”

ಎದೆ ತುಂಬಿ ಬಂತು. ಅದರ ಬೆನ್ನಿಗೇ ಭಯವೂ ಬಂತು. ಅವನನ್ನು ಪ್ರೀತಿಸುತ್ತಿದ್ದೆ, ಅದರಲ್ಲಿ ಅನುಮಾನವಿರಲಿಲ್ಲ. ಅನುಮಾನವಿದ್ದದ್ದು ಮನೆಗಳ ಮೇಲೆ.

“ಇದೇ ಕೈಯಲ್ಲಿ ನಾನೂರು ಮನೆ ಎರಡು ಮಾಡಿದ್ದೀನಿ ಆನ್ಸೆಲ್. ಅವರೆಲ್ಲ ಸೇರಿಸೋಕೆ ಬಂದಾಗ ನಗ್ತಾನೇ ಬಂದಿದ್ರು. ನಮ್ಮದೂ ಹಾಗಾದ್ರೆ?”

ಅವನು ಫಾರಂ ಅನ್ನು ಇನ್ನಷ್ಟು ನನ್ನತ್ತ ಸರಿಸಿದ.

“ಬೇರೆ ಆದೋರು ನಿನ್ನ ಹತ್ರ ಬರ್ತಾರೆ. ಚೆನ್ನಾಗಿರೋರಿಗೆ ಇಲ್ಲೇನು ಕೆಲಸ? ಅವರ ಮುಖಾನೇ ನೀನು ನೋಡಿಲ್ಲ.”

ಹನ್ನೊಂದು ವರ್ಷದಲ್ಲಿ ನನಗೆ ಇದು ಹೊಳೆದಿರಲಿಲ್ಲ. ಕಂಪ್ಯೂಟರಿನ ಕಡೆ ತಿರುಗಿ, ಇಪ್ಪತ್ತೈದು ವರ್ಷದಿಂದ ಏನೂ ಬದಲಾಗದ ಜೋಡಿ ಮನೆಗಳನ್ನು ಹುಡುಕಿಸಿದೆ. ಸಾವಿರದ ಆರುನೂರ ನಲವತ್ತು. ಅವನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ನಾನು ಒಮ್ಮೆಯೂ ಮುಟ್ಟದ ಹೆಸರುಗಳು, ಎರಡೆರಡಾಗಿ, ಪರದೆಯ ತುಂಬ ಇಳಿಯುತ್ತಲೇ ಇದ್ದವು. ನನಗೆ ಕಣ್ಣು ಮಂಜಾಯಿತು.

ನಮ್ಮ ದಾಖಲೆಯನ್ನು ನಾವೇ ತಿದ್ದುವಂತಿಲ್ಲ, ಅದು ಆಫೀಸಿನ ನಿಯಮ. ಪಕ್ಕದ ಕೋಣೆಯ ಬರ್ನಿಸ್‌ಳನ್ನು ಕೂಗಿ, ಮುಂದಿನ ತಿಂಗಳು ಎರಡು ಮನೆ ಒಂದು ಮಾಡುವುದಿದೆ, ಗುರುತು ಹಾಕಿಕೋ ಎಂದೆ.

“ಯಾರದು?” ಎಂದಳು, ಕೂತಲ್ಲಿಂದಲೇ.

“ನಮ್ದು.”